ಕ್ರೋಮ್ ನೀರಿಗೆ ಬ್ಯಾಕ್ಟೀರಿಯಾ ಪುಡಿ: ತಗೋಬಹುದು, ನಿಕಲ್‌ಗೆ ಮಾತ್ರ ಬೇಡ

ಪೀಣ್ಯದಲ್ಲಿ ಪ್ಲೇಟಿಂಗ್ (ಲೋಹಕ್ಕೆ ಕ್ರೋಮ್, ನಿಕಲ್ ಲೇಪಿಸುವ) ಶೆಡ್ ಇಟ್ಟವರ ಬಾಗಿಲಿಗೆ, ಕೊಳೆನೀರಿಗೆ ಹಾಕುವ ಈ ಬ್ಯಾಕ್ಟೀರಿಯಾ ಪುಡಿ ಮಾರುವವರು ಬಂದೇ ಬರುತ್ತಾರೆ. ನಮ್ಮಲ್ಲಿಗೂ ಬಂದರು. ಇಲ್ಲಿ ಇಟಿಪಿ, ಅಂದರೆ ಕೊಳೆನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುವವಳು ನಾನು. ಕೊಳೆನೀರಿನ ಟ್ಯಾಂಕು, ಡೋಸಿಂಗ್, ಫಿಲ್ಟರ್ ಪ್ರೆಸ್, ಮಾಲಿನ್ಯ ನಿಯಂತ್ರಣ ಬೋರ್ಡಿನವರು ಬಂದಾಗ ಉತ್ತರ ಹೇಳುವುದು ಎಲ್ಲ ನನ್ನ ತಲೆಗೇ. "ಮೇಡಂ, ಇದು ಮೆಟಲ್ಲನ್ನೇ ತಿಂದು ಹಾಕುತ್ತೆ, ಸ್ಲಡ್ಜೇ ಬರಲ್ಲ" ಎಂದರು ಸೇಲ್ಸ್‌ನವರು, ಅಂದರೆ ತಳದಲ್ಲಿ ಗಸಿಯೇ ಉಳಿಯಲ್ಲವಂತೆ. ಸುಮ್ನೆ ಹೇಳುವ ಮಾತು ಅದು. ಕ್ರೋಮಿಯಂ ಒಂದು ಮೂಲಧಾತು. ಯಾವ ಜೀವಿ ತಿಂದರೂ ಅದು ಇಲ್ಲವಾಗುವುದಿಲ್ಲ, ರೂಪ ಬದಲಾಗುತ್ತದೆ ಅಷ್ಟೇ.

ಆ ಬದಲಾವಣೆಗೇ ನಾನು ದುಡ್ಡು ಕೊಟ್ಟಿದ್ದು. ಪ್ಲೇಟಿಂಗ್ ಆದ ಮಾಲು ತೊಳೆದ ರಿನ್ಸ್ ನೀರಿನಲ್ಲಿ ಹಳದಿಯಾಗಿ ಕಾಣುವುದು ಹೆಕ್ಸಾ ಕ್ರೋಮ್, ಕ್ರೋಮಿಯಂನ ಒಂದು ರೂಪ. ಕ್ಯಾನ್ಸರ್ ತರುವ ವಸ್ತು, ನೀರಿನ ಜೊತೆ ಸಲೀಸಾಗಿ ನೆಲಕ್ಕಿಳಿಯುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದು ಹಳೆಯ ಸುದ್ದಿ. ಬ್ಯಾಸಿಲಸ್, ಸ್ಯೂಡೋಮೊನಾಸ್ ಥರದ ಕೆಲವು ಬ್ಯಾಕ್ಟೀರಿಯಾಗಳ ಕಿಣ್ವ ಇದನ್ನು ಟ್ರೈ ಕ್ರೋಮ್ ಎಂಬ ಇನ್ನೊಂದು ರೂಪಕ್ಕೆ ತರುತ್ತದೆ. ಅದರ ವಿಷ ತುಂಬಾ ಕಡಿಮೆ. ಪಿಎಚ್ 8.5ರ ಹತ್ತಿರ ತಂದರೆ ಹಸಿರು ಗಸಿಯಾಗಿ ತಳಕ್ಕೆ ಕೂರುತ್ತದೆ.

ಎಲ್ಲರೂ ಬಳಸುವ ಕೆಮಿಕಲ್ ಮೆಟಾಬೈಸಲ್ಫೈಟ್ ಕೂಡ ಇದನ್ನೇ ಮಾಡುತ್ತದೆ ಅಲ್ವಾ? ಮಾಡುತ್ತದೆ, ಅದೂ ನಿಮಿಷಗಳಲ್ಲಿ. ಆದರೆ ಮೊದಲು ಆಸಿಡ್ ಸುರಿದು ಪಿಎಚ್ 2-3ಕ್ಕೆ ಇಳಿಸಬೇಕು, ಆಮೇಲೆ ಅಷ್ಟೂ ಸುಣ್ಣ ಹಾಕಿ ಮೇಲಕ್ಕೆ ತರಬೇಕು. ಗಂಟಲು ಉರಿಸುವ ಗಂಧಕದ ಘಾಟು ಬೇರೆ. ಪುಡಿಗೆ ಪಿಎಚ್ 7ರ ಆಸುಪಾಸು ಸಾಕು. ಗಂಟೆಗಟ್ಟಲೆ ಕಾಯಬೇಕು, ನಿಜ. ಆದರೂ ಆಸಿಡ್ ಕ್ಯಾನ್ ಎತ್ತುವುದು ತಪ್ಪಿತೆಂದು ನಮ್ಮ ಆಪರೇಟರ್ ಖುಷಿಯಾಗಿದ್ದಾನೆ. ಸುಣ್ಣವೂ ಕಡಿಮೆ ಹಿಡಿಯುತ್ತಿದೆ. ಇಷ್ಟಕ್ಕೇ ನಾನು ಒಳ್ಳೆ ಮಾರ್ಕ್ಸ್ ಕೊಡುತ್ತೇನೆ.

ಕಷ್ಟ ಇರುವುದು ಇವುಗಳ ಊಟ-ಉಪಚಾರದಲ್ಲಿ. ಪ್ಲೇಟಿಂಗ್ ನೀರಲ್ಲಿ ತಿನ್ನಲು ಏನಿರುತ್ತದೆ? ಹಾಗಾಗಿ ಕಾಕಂಬಿ (ಮೊಲಾಸಿಸ್) ಹಾಕಬೇಕು. ಇದು ಪ್ಯಾಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿದೆ, ಮಾರುವವರ ಬಾಯಲ್ಲಿ ಇರಲಿಲ್ಲ. ಕಾಕಂಬಿ ಜಾಸ್ತಿಯಾದರೆ ಉಳಿದದ್ದು ಬಿಒಡಿ, ಅಂದರೆ ನೀರಿನಲ್ಲಿ ಕೊಳೆಯುವ ಅಂಶದ ಅಳತೆ, ಏರಿಸುತ್ತದೆ. ಪ್ಲೇಟಿಂಗ್ ತೊಟ್ಟಿಯ ಹಳೆಯ ಕ್ರೋಮ್ ದ್ರಾವಣವನ್ನು ನೇರವಾಗಿ ಸುರಿದರೆ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತವೆ. ಸಯನೈಡ್ ಲೈನಿನ ನೀರಂತೂ ಈ ಟ್ಯಾಂಕಿನ ಕಡೆ ಸುಳಿಯಲೇಬಾರದು.

ಡೆಮೊಗೆ ತಂದ ಗಾಜಿನ ಜಾರ್ ನೋಡಿ ಮರುಳಾಗಬೇಡಿ. ಹಳದಿ ಹೋದರೆ ಹೆಕ್ಸಾ ಇಳಿದಿದೆ ಎಂದರ್ಥ, ಕ್ರೋಮ್ ಪೂರ್ತಿ ಇನ್ನೂ ಅದೇ ನೀರಲ್ಲಿರುತ್ತದೆ. ನದಿ, ಕೆರೆಗೆ ಬಿಡುವ ನೀರಿನಲ್ಲಿ ಹೆಕ್ಸಾ ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ದಾಟಬಾರದು. ಎರಡನ್ನೂ ಬೇರೆಬೇರೆಯಾಗಿ ಟೆಸ್ಟ್ ಮಾಡಿಸಿ. ನಮ್ಮ ಹೆಕ್ಸಾ ಪಾಸಾಯಿತು. ಹೆಕ್ಸಾ ಇದ್ದರೆ ನೇರಳೆಯಾಗುವ ಟೆಸ್ಟ್ ಕೆಮಿಕಲ್ ಡೈಫಿನೈಲ್ ಕಾರ್ಬಜೈಡ್ ಹಾಕಿದರೆ ಬಣ್ಣ ಬರಲೇ ಇಲ್ಲ. ಒಟ್ಟು ಕ್ರೋಮ್ ಮಾತ್ರ ಸತಾಯಿಸಿತು. ಉಳಿದ ಜೈವಿಕ ಅಂಶ ಟ್ರೈ ಕ್ರೋಮನ್ನು ಹಿಡಿದುಕೊಂಡರೆ ಅದು ಗಸಿಯಾಗಿ ಕೂರುವುದಿಲ್ಲ. ಕಾಕಂಬಿ ಕಡಿಮೆ ಮಾಡಿ, ಗಾಳಿ ಹಾಯಿಸುವ ಟ್ಯಾಂಕಿನಲ್ಲಿ ಜಾಸ್ತಿ ಹೊತ್ತು ಬಿಟ್ಟ ಮೇಲೆ ಹತೋಟಿಗೆ ಬಂತು.

ನಿಕಲ್‌ಗೂ ಆಗುತ್ತದೆ ಎಂದು ಬ್ರೋಷರ್ ಹೇಳುತ್ತದೆ. ಬ್ಯಾಕ್ಟೀರಿಯಾದ ಮೈಗೆ ಒಂದಿಷ್ಟು ಅಂಟಿಕೊಳ್ಳಬಹುದು, ನಮ್ಮ ರೀಡಿಂಗ್ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಅದೇ ಬ್ರೋಷರಿನಲ್ಲಿ ನೆದರ್ಲ್ಯಾಂಡ್ಸ್‌ನ ಬುಡೆಲ್ ಸತುವಿನ ಕಾರ್ಖಾನೆಯ ಫೋಟೊ ಬೇರೆ. ಅಲ್ಲಿ 1992ರಿಂದ ಬ್ಯಾಕ್ಟೀರಿಯಾ ಬಳಸಿ ನೀರಿನಿಂದ ಸತು ತೆಗೆಯುತ್ತಿರುವುದು ನಿಜವೇ. ಆದರೆ ಅವು ಗಾಳಿಯಿಲ್ಲದ ರಿಯಾಕ್ಟರಿನಲ್ಲಿ ಸಲ್ಫೇಟನ್ನು ಸಲ್ಫೈಡ್ ಮಾಡುವ ಬೇರೆ ಜಾತಿಯವು. ಸತು ಸಲ್ಫೈಡಾಗಿ ಕೂತದ್ದು ಮತ್ತೆ ಕಾರ್ಖಾನೆಗೇ ಹೋಗುತ್ತದೆ. ನಮ್ಮ ತೆರೆದ ಟ್ಯಾಂಕಿಗೆ ಪುಡಿ ಎರಚುವುದಕ್ಕೂ ಅದಕ್ಕೂ ಏನು ಸಂಬಂಧ?

ಸ್ಲಡ್ಜ್ ವಿಷಯಕ್ಕೆ ಬಂದರೆ, ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಜಾಗಕ್ಕೆ ಲಾರಿ ಹೋಗುವುದು ನಿಂತಿಲ್ಲ. ಹಸಿರು ಗಸಿಯೂ ಅಪಾಯಕಾರಿ ತ್ಯಾಜ್ಯವೇ. ಆ ಖರ್ಚು ಉಳಿಯುತ್ತದೆ ಎಂದು ಲೆಕ್ಕ ಹಾಕಿ ಆರ್ಡರ್ ಕೊಡಬೇಡಿ.

ಕ್ರೋಮ್ ಲೈನಿಗೆ ನಾನು ಮತ್ತೆ ತರಿಸುತ್ತೇನೆ, ಸಣ್ಣ ಪ್ಯಾಕು. ಶೀಟಿನ ಶೆಡ್ಡಿನ ಸೆಕೆಗೆ ತೆರೆದ ಪ್ಯಾಕು ಬೇಗ ಕೆಡುತ್ತದೆ. ಮೆಟಾ ಮೂಟೆಯನ್ನೂ ಇಟ್ಟುಕೊಂಡಿದ್ದೇನೆ. ಭಾನುವಾರ ರಜೆ ಮುಗಿಸಿ ಬಂದರೆ ಬ್ಯಾಕ್ಟೀರಿಯಾ ಮಂಕಾಗಿರುತ್ತವೆ, ಸೋಮವಾರ ಬೆಳಗ್ಗೆಯ ಮೊದಲ ಟ್ಯಾಂಕಿಗೆ ಮೆಟಾನೇ ಗತಿ.