ಹಾಡುವವರ ಕಿವಿಗೊಂದು ಮಿಕ್ಸ್, ನನ್ನ ಕಿವಿಗೊಂದು

ಅಕ್ಕ ಹಾಡುತ್ತಾಳೆ, ಮನೆಯ ಒಳಕೋಣೆಯಲ್ಲಿ ನಾನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಎರಡು ವರ್ಷ ಎರಡು ಇನ್‌ಪುಟ್, ಎರಡು ಔಟ್‌ಪುಟ್ ಇರುವ ಪುಟ್ಟ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇತ್ತು. ಈಗ ಇರುವುದು ಆರ್‌ಎಂಇ ಬೇಬಿಫೇಸ್ ಪ್ರೊ, ಸೆಕೆಂಡ್‌ಹ್ಯಾಂಡ್. ವಾಪಸ್ ಹೋಗುವ ಮಾತೇ ಇಲ್ಲ.

ಹಳೆಯದರಲ್ಲೂ ದನಿ ಸ್ವಚ್ಛವಾಗಿಯೇ ಬರುತ್ತಿತ್ತು. ತೊಂದರೆ ಬಂದದ್ದು ತಂಬೂರಿಯಿಂದ. ಅಕ್ಕನಿಗೆ ಶ್ರುತಿ ಕಿವಿ ತುಂಬಬೇಕು. ನನಗೆ ಅವಳ ದನಿಯೊಂದೇ ಬೇಕು, ತಪ್ಪು ಹಿಡಿಯಬೇಕಲ್ಲ. ಅಲ್ಲಿದ್ದದ್ದು ಒಂದೇ ಮಿಕ್ಸ್ ನಾಬ್: ಒಂದು ಕಡೆ ಮೈಕ್, ಇನ್ನೊಂದು ಕಡೆ ತಂಬೂರಿ ನುಡಿಸುವ ಕಂಪ್ಯೂಟರ್. ಅವಳಿಗೆಂದು ತಿರುಗಿಸಿದರೆ ನನ್ನ ಕಿವಿಯಲ್ಲೂ ತಂಬೂರಿಯೇ. ಒಂದು ಸಂಜೆ ಇಡೀ ಕೀರ್ತನೆ ಮುಗಿಸಿ, ತಂಬೂರಿ ತೆಗೆದು ಕೇಳಿದರೆ ತಾಳದ ಪ್ರತಿ ಘಾತಕ್ಕೂ ಗಾಜಿನ ಬಳೆಯ ಸದ್ದು! ಹಾಡುವಾಗ ನನಗೆ ಒಮ್ಮೆಯೂ ಕೇಳಿಸಿರಲಿಲ್ಲ.

ದನಿಯನ್ನು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಮೂಲಕವೇ ಅವಳಿಗೆ ಕೇಳಿಸಲು ನೋಡಿದೆ. 48,000 ಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ದನಿಯ ತುಣುಕು) ಅಂದರೆ ಒಳಬರುವಾಗ 5.3 ಮಿಲಿಸೆಕೆಂಡ್ ತಡ, ಹೊರಹೋಗುವಾಗ ಮತ್ತಷ್ಟೇ. ನಾಬ್ ನಡುವೆ ಇದ್ದರಂತೂ ನೇರ ದನಿಯೂ ಸೇರಿ ಕೊಳವೆಯೊಳಗೆ ಹಾಡಿದ ಹಾಗೆ. ಬಫರ್ 64ಕ್ಕೆ ಇಳಿಸಿದರೆ ಹಳೇ ಲ್ಯಾಪ್‌ಟಾಪ್ ಚಟಪಟ ಅನ್ನುತ್ತಿತ್ತು. ಗಮಕ ಹಿಡಿಯುವವಳಿಗೆ ಈ ತಡ ಹಿಂಸೆ.

ಬೇಬಿಫೇಸ್‌ನ ಟೋಟಲ್‌ಮಿಕ್ಸ್ ಎಂಬ ಮಿಕ್ಸರ್ ಸಾಫ್ಟ್‌ವೇರಿನಲ್ಲಿ ಮೂರು ಸಾಲು: ಮೇಲೆ ಮೈಕ್, ನಡುವೆ ಕಂಪ್ಯೂಟರಿನ ಸದ್ದು, ಕೆಳಗೆ ಔಟ್‌ಪುಟ್. ಕೆಳಗೆ ಹೆಡ್‌ಫೋನ್ ಆರಿಸಿದರೆ ಮೇಲಿನ ಎರಡು ಸಾಲಿನ ಫೇಡರ್‌ಗಳೆಲ್ಲ (ಸದ್ದು ಏರಿಳಿಸುವ ಜಾರುಗುಂಡಿಗಳು) ಅದಕ್ಕೆ ಮಾತ್ರ ಸೇರಿದವು. ಮೇನ್ ಔಟ್ ಆರಿಸಿ, ಅದೇ ಫೇಡರ್‌ಗಳು ಬೇರೆ ಜಾಗಕ್ಕೆ ಸರಿಯುತ್ತವೆ. ಸಬ್‌ಮಿಕ್ಸ್ ಅಂದರೆ ಇಷ್ಟೇ, ತಲೆಗೆ ಹತ್ತಲು ಒಂದು ವಾರ ಬೇಕಾಯಿತು. ಕೆಳಗೆ ಯಾವುದು ಆಯ್ಕೆಯಾಗಿದೆ ಎಂದು ನೋಡದೆ ಫೇಡರ್ ಮುಟ್ಟಬೇಡಿ.

ರೀಪರ್‌ನಲ್ಲಿ ತಂಬೂರಿ ಟ್ರ್ಯಾಕನ್ನು ಮಾಸ್ಟರ್‌ನಿಂದ (ಎಲ್ಲ ಟ್ರ್ಯಾಕ್ ಸೇರುವ ಮುಖ್ಯ ದಾರಿ) ಬಿಡಿಸಿ 3-4ನೇ ಔಟ್‌ಪುಟ್‌ಗೆ ಕಳಿಸುತ್ತೇನೆ. ಅಕ್ಕನ ಹೆಡ್‌ಫೋನ್‌ಗೆ ಅದು ಜೋರು, ಮೇಲೆ ಅವಳ ದನಿಗೆ ಚೂರು ರಿವರ್ಬ್ (ಮಾರ್ದನಿ). ಮೇನ್ ಔಟ್‌ಗೆ ಚಿಕ್ಕ ಹೆಡ್‌ಫೋನ್ ಆಂಪ್ ಸಿಕ್ಕಿಸಿಕೊಂಡ ನನಗೆ ದನಿ ಮಾತ್ರ. ರೆಕಾರ್ಡ್ ಆಗುವುದು ರಿವರ್ಬ್ ಇಲ್ಲದ ದನಿ, ಈ ಫೇಡರ್‌ಗಳು ಅದನ್ನು ಮುಟ್ಟುವುದಿಲ್ಲ.

ಬೆಲೆ ಜಾಸ್ತಿ, ಹೊಸದನ್ನು ನಾನು ಕೊಳ್ಳುತ್ತಿರಲಿಲ್ಲ. ಒಬ್ಬರೇ ಹಾಡಿ ಒಬ್ಬರೇ ರೆಕಾರ್ಡ್ ಮಾಡುವವರಿಗೆ ಆ ಒಂದು ನಾಬ್ ಸಾಕು. ಕೀಬೋರ್ಡ್ ನುಡಿಸುವವರಿಗೆ ನಾಲ್ಕು ಔಟ್‌ಪುಟ್‌ನ ಅಗ್ಗದ ಇಂಟರ್‌ಫೇಸ್, ಪ್ರಿ-ಫೇಡರ್ ಸೆಂಡ್ (ಫೇಡರ್ ಎಲ್ಲಿದ್ದರೂ ಟ್ರ್ಯಾಕಿನ ಸದ್ದನ್ನು ಬೇರೆ ಔಟ್‌ಪುಟ್‌ಗೆ ಕಳಿಸುವ ದಾರಿ) ಇದ್ದರೆ ಆಯಿತು. ಇನ್ನೊಬ್ಬರನ್ನು ಮೈಕ್ ಮುಂದೆ ಕೂರಿಸುವವರು ಮಾತ್ರ ದುಡ್ಡು ಕೂಡಿಟ್ಟು ಇದನ್ನೇ ತಗೊಳ್ಳಿ, ಸೆಕೆಂಡ್‌ಹ್ಯಾಂಡ್ ಆದರೂ ಸರಿ.