ಏಳು ಸಾವಿರದ ಚಂದಾ, ಅರ್ಧ ಮೂಟೆ ಭತ್ತ

ವಂಶದ ಹಿಂದಿನದನ್ನು ಹುಡುಕೋಕೆ ವೆಬ್‌ಸೈಟೋ, ಸರ್ಕಾರಿ ಕಚೇರಿಯೋ, ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವಯ್ಯನೋ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೆಳವಯ್ಯನಿಗೆ.

ನಮ್ಮದು ಹೇಮಾವತಿ ಹಿನ್ನೀರಲ್ಲಿ ಮುಳುಗಿದ ಊರು. ಬೇಸಿಗೆಯಲ್ಲಿ ಶೆಟ್ಟಿಹಳ್ಳಿ ಚರ್ಚ್ ನೋಡೋಕೆ ಹಾಸನದಿಂದ ಬೈಕಲ್ಲಿ ಹೋಗುತ್ತಾರಲ್ಲ, ಅದೇ ನೀರು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಚರ್ಚಿನ ಗೋಡೆಯಾದರೂ ನಿಂತಿದೆ, ನಮ್ಮ ಮನೆಯ ಪಾಯ ಕೂಡ ಕಾಣುವುದಿಲ್ಲ. ಅಪ್ಪ ಹೋದ ಮೇಲೆ ಮನೆತನದ ಹಿಂದಿನದನ್ನೆಲ್ಲ ಬರೆದಿಡೋಣ ಅಂತ ಹೊರಟೆ. ಹೊರಟವಳು ಮೊದಲು ಮಾಡಿದ್ದು ದುಡ್ಡು ಕಳೆಯುವ ಕೆಲಸ. ವಂಶವೃಕ್ಷ ಮಾಡಿಕೊಡುವ ವಿದೇಶಿ ವೆಬ್‌ಸೈಟೊಂದಕ್ಕೆ ಏಳು ಸಾವಿರ ಚಿಲ್ಲರೆ ಕಟ್ಟಿದೆ, ಒಂದು ವರ್ಷಕ್ಕೆ.

ನೋಡೋಕೆ ಬಹಳ ಚೆನ್ನಾಗಿತ್ತು. ಆದರೆ ಪ್ರತಿಯೊಬ್ಬರಿಗೂ ಸರ್‌ನೇಮ್ ಹಾಕು ಅಂತ ಪೀಡಿಸುತ್ತಿತ್ತು. ನಮ್ಮ ತಾತ ತಿಮ್ಮೇಗೌಡ. ಅವರಪ್ಪ ಕಾಳೇಗೌಡ. ಅವರಪ್ಪ ಮತ್ತೆ ತಿಮ್ಮೇಗೌಡ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಕಡೆ ಮಾಮೂಲಿ, ಅಲ್ವಾ? ಸರ್‌ನೇಮ್ ಎಲ್ಲಿಂದ ತರಲಿ? ಸುಮ್ನೆ ‘ಗೌಡ’ ಅಂತ ಕತ್ತರಿಸಿ ಆ ಜಾಗಕ್ಕೆ ಹಾಕಿದೆ. ತಾತ ಬರೀ ‘ತಿಮ್ಮೆ’ ಆದರು. ಅಜ್ಜಿ ಪುಟ್ಟಮ್ಮ ‘ಪುಟ್ಟಮ್ಮ ಗೌಡ’ ಆದರು. ಬದುಕಿದ್ದಿದ್ದರೆ ಯಾರೇ ಇವಳು ಅಂತ ಅವರೇ ಕೇಳುತ್ತಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಇಬ್ಬರು ತಿಮ್ಮೇಗೌಡರು, ಇಬ್ಬರಿಗೂ ಹುಟ್ಟಿದ ತಾರೀಖಿಲ್ಲ, ಇಬ್ಬರದೂ ಒಂದೇ ಊರು. ಇವರಿಬ್ಬರೂ ಒಬ್ಬರೇ ಇರಬಹುದು, ಸೇರಿಸಲೇ ಅಂತ ವೆಬ್‌ಸೈಟು ದಿನಾ ಕೇಳೋದು. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಹೂಂ ಅಂತ ಒತ್ತಿಬಿಟ್ಟೆ. ಬೆಳಿಗ್ಗೆ ನೋಡಿದರೆ ನಮ್ಮ ತಾತ ತನಗೆ ತಾನೇ ತಾತ! ಅದನ್ನು ಬಿಡಿಸೋಕೆ ಒಂದು ಭಾನುವಾರ ಪೂರ್ತಿ ಹೋಯಿತು. ಕಸ್ಟಮರ್ ಕೇರ್‌ಗೆ ಬರೆದರೆ, ಸರ್‌ನೇಮ್ ಜಾಗದಲ್ಲಿ ‘ಗೊತ್ತಿಲ್ಲ’ ಅಂತ ಹಾಕಿ ಅಂದರು. ಗೊತ್ತಿಲ್ಲದ್ದಲ್ಲಪ್ಪಾ, ಇಲ್ಲದ್ದು!

ಫ್ಯಾಮಿಲಿಸರ್ಚ್ ಅನ್ನೋ ಇನ್ನೊಂದು ವಂಶವೃಕ್ಷದ ವೆಬ್‌ಸೈಟೂ ನೋಡಿದೆ. ಅದು ಪೂರ್ತಿ ಉಚಿತ, ಅಮೆರಿಕದ ಮಾರ್ಮನ್ ಚರ್ಚಿನವರು ನಡೆಸುತ್ತಾರೆ. ಹರಿದ್ವಾರದಂಥ ಕ್ಷೇತ್ರಗಳ ಪಂಡರು, ಅಂದರೆ ಪುರೋಹಿತರು, ಯಾತ್ರಿಕರ ವಂಶ ಬರೆದಿಟ್ಟ ಬಹಿ ಪುಸ್ತಕಗಳು ಅಲ್ಲಿವೆ. ಉತ್ತರದವರಿಗೆ ಅದು ನಿಧಿ. ನನಗೆ ಅಲ್ಲಿ ಏನೂ ಸಿಗಲಿಲ್ಲ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ಬೇರೆಯೇ ಕಥೆ. ಸರ್ಕಾರದ ‘ಭೂಮಿ’ ತಂತ್ರಾಂಶದಲ್ಲಿ ಮೊಬೈಲಿನಲ್ಲೇ ಪಹಣಿ ಸಿಗುತ್ತದೆ ನಿಜ, ಆದರೆ ಅದು 2000ದ ಈಚಿನ ಮಾತು. ಹಿಂದಕ್ಕೆ ಹೋಗಬೇಕೆಂದರೆ ನಾನು ನಕಲಿಗೆ ಅರ್ಜಿ ಹಾಕಿ ಕಾಯಬೇಕಾಯಿತು. ಕೇಳಬೇಕಾದದ್ದು ಪೌತಿ ಖಾತೆ. ಯಜಮಾನ ತೀರಿಕೊಂಡಾಗ ಜಮೀನು ಯಾರ ಹೆಸರಿಗೆ ಹೋಯಿತು ಅಂತ ಬರೆದಿರುವುದು ಅದರಲ್ಲೇ. ನಾಲ್ಕು ಸಲ ಅಲೆದ ಮೇಲೆ 1931ರದ್ದು ಒಂದು ಹಾಳೆ ಕೈಗೆ ಬಂತು. ಮಸಿ ಹರಡಿತ್ತು, ಅಂಚು ಗೆದ್ದಲು ತಿಂದಿತ್ತು. ‘ಮೃತ ಕಾಳೇಗೌಡನ ಮಕ್ಕಳು’ ಅಂತ ಮೂರು ಹೆಸರು. ನಮಗೆ ಗೊತ್ತಿದ್ದದ್ದು ಇಬ್ಬರೇ. ಮೂರನೆಯವನು ಹುಚ್ಚೇಗೌಡ ಯಾರು, ಎಲ್ಲಿಗೆ ಹೋದ?

ಸುಗ್ಗಿ ಮುಗಿದ ಮೇಲೆ ಹೆಳವಯ್ಯ ಬಂದರು. ನಾನು ಆಗ ಅರಕಲಗೂಡು ಕಡೆ ತಮ್ಮನ ಮನೆಯಲ್ಲಿದ್ದೆ. ಹಿಂದೆಲ್ಲ ಸಿಂಗಾರದ ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬರುತ್ತಿದ್ದರು. ಇವರು ಮೊಪೆಡ್ಡಲ್ಲಿ ಬಂದರು, ಹಿಂದೆ ಕೆಂಪು ಬಟ್ಟೆಯ ಗಂಟು. ಜಗಲಿಯಲ್ಲಿ ಕಂಬಳಿ ಹಾಸಿಸಿಕೊಂಡು, ದೀಪ ಹಚ್ಚಿಸಿ, ಮನೆದೇವರಿಂದ ಶುರು ಮಾಡಿದರು. ಆಮೇಲೆ ಮೂಲದ ಊರು, ಬೆಡಗು ಅಂದರೆ ಕುಲದ ಕವಲು, ಒಂದೊಂದೇ ತಲೆ. ಕಡತ ತೊಡೆಯ ಮೇಲೆ ಬಿಚ್ಚಿಕೊಂಡೇ ಇತ್ತು, ಒಂದು ಸಲವೂ ನೋಡಲಿಲ್ಲ. ಏಳು ತಲೆಮಾರು ಒಂದೇ ಉಸಿರಿಗೆ ಬಂತು. ಇಬ್ಬರು ತಿಮ್ಮೇಗೌಡರನ್ನು ‘ಕೆಂಪು ತಿಮ್ಮೇಗೌಡ, ಮೊಮ್ಮಗ ತಿಮ್ಮೇಗೌಡ’ ಅಂತ ಸಲೀಸಾಗಿ ಬೇರೆ ಮಾಡಿದರು. ನನ್ನ ಏಳು ಸಾವಿರ ನೆನಪಾಯಿತು.

ಹುಚ್ಚೇಗೌಡನ ಬಗ್ಗೆ ಕೇಳಿದೆ. “ಧಾತು ಸಂವತ್ಸರದಲ್ಲಿ ಘಟ್ಟದ ತೋಟಕ್ಕೆ ಹೋದೋನು ತಾಯಿ, ತಿರುಗಿ ಬರಲಿಲ್ಲ” ಅಂದರು. ಧಾತು ಅಂದ ತಕ್ಷಣ ನನಗೆ ಹೊಳೆದದ್ದು ದೊಡ್ಡವರು ಹೇಳುತ್ತಿದ್ದ ಧಾತು-ಈಶ್ವರ ಬರ. 1876 ಅಂತ ಬರೆದುಕೊಂಡೆ. ರಾತ್ರಿ ಲೆಕ್ಕ ಹಾಕಿದರೆ ಅವನು ಹುಟ್ಟುವ ಮೊದಲೇ ಘಟ್ಟ ಹತ್ತಿದ್ದ! ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಅನ್ನೋದು ಮರೆತಿದ್ದೆ. 1931ರ ಹಾಳೆಯಲ್ಲಿ ಅವನ ಹೆಸರಿದೆ, ಅಂದರೆ ಇದು ಮುಂದಿನ ಧಾತು, 1936. ಕಚೇರಿಯ ಹಾಳೆ ಇಲ್ಲದಿದ್ದರೆ ಹೆಳವಯ್ಯನ ಮಾತನ್ನು ನಾನೇ ಕೆಡಿಸುತ್ತಿದ್ದೆ.

ಹೆಳವಯ್ಯನಲ್ಲಿ ಕೊರತೆ ಇಲ್ಲವೆಂದಲ್ಲ. ಬೇಕೆಂದಾಗ ಸಿಗುವುದಿಲ್ಲ, ಅವರು ಬಂದಾಗಲೇ ಉಂಟು. ಹೆಣ್ಣುಮಕ್ಕಳ ಹೆಸರು ಕೇಳಿದರೆ “ಅವರು ಕೊಟ್ಟ ಮನೆಗೆ ಸೇರಿದೋರು ತಾಯಿ” ಅಂತ ಮುಂದೆ ಹೋಗುತ್ತಾರೆ. ಕಚೇರಿಯ ಹಾಳೆಯಲ್ಲೂ ಅದೇ ಕಥೆ. ಮುತ್ತಜ್ಜಿಯ ಹೆಸರು ನಿಂಗಮ್ಮ ಅಂತ ಸಿಕ್ಕಿದ್ದು ದೊಡ್ಡವ್ವನ ಬಾಯಿಂದ, ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ. ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆ.

ಇದನ್ನೆಲ್ಲ ಈಗ ಗ್ರಾಂಪ್ಸ್‌ನಲ್ಲಿ ಇಟ್ಟಿದ್ದೇನೆ. ವಂಶವೃಕ್ಷ ಬರೆದಿಡುವ ಉಚಿತ ತಂತ್ರಾಂಶ, ಮಾಹಿತಿ ನನ್ನ ಹಳೇ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಸರ್‌ನೇಮ್ ಖಾಲಿ ಬಿಡಬಹುದು. ತಾರೀಖಿನ ಜಾಗದಲ್ಲಿ ‘1936ರ ಸುಮಾರು’, ‘1931ಕ್ಕೆ ಮುಂಚೆ’ ಅಂತ ಹಾಕಬಹುದು. ಕಲಿಯೋಕೆ ಮಾತ್ರ ಸ್ವಲ್ಪ ಜಾಸ್ತಿ ಸಮಯ ಬೇಕು. ನಾನು ರಾತ್ರಿ ಊಟವಾದ ಮೇಲೆ ದಿನಾ ಅರ್ಧ ಗಂಟೆ ಕೂತು, ಯೂಟ್ಯೂಬ್ ನೋಡಿಕೊಂಡು ಎರಡು ತಿಂಗಳಲ್ಲಿ ಕಲಿತೆ. ಇನ್ನೂ ಪೂರ್ತಿ ಬಂದಿಲ್ಲ. ಹಳೇ ವೆಬ್‌ಸೈಟಿನಲ್ಲಿದ್ದದ್ದನ್ನು ಬೇರೆ ತಂತ್ರಾಂಶಕ್ಕೂ ಒಯ್ಯಬಹುದಾದ ಜೆಡ್‌ಕಾಮ್ ಫೈಲ್ ಮಾಡಿ ಇಳಿಸಿಕೊಂಡು, ಚಂದಾ ನಿಲ್ಲಿಸಿದೆ. ನಿಮ್ಮ ನೆಂಟರು ನಾಲ್ಕು ತಲೆಮಾರಿನಿಂದ ಇಂಗ್ಲೆಂಡಿನಲ್ಲಿದ್ದರೆ ಅದಕ್ಕೆ ದುಡ್ಡು ಹಾಕಿ, ನನಗೆ ಬೇಡ.

ಹೆಳವಯ್ಯನಿಗೆ ಕೊಟ್ಟದ್ದು ಅರ್ಧ ಮೂಟೆ ಭತ್ತ, ಒಂದು ಪಂಚೆ, ಸಾವಿರ ರೂಪಾಯಿ. ಹೊರಡುವ ಮುಂಚೆ ಕಡತದಲ್ಲಿ ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡರು. ತಮ್ಮನ ಮಗನ ಹೆಸರು ಬರೆದು ಪೆನ್ನಿನ ಮುಚ್ಚಳ ಹಾಕಿದರು.

“ಮಗಳೂ ಇದ್ದಾಳೆ, ಅವಳದ್ದೂ ಬರೀರಿ” ಅಂದೆ.

ನನ್ನ ಮುಖ ನೋಡಿದರು. ಅಂಗಳದಲ್ಲಿದ್ದ ಭತ್ತದ ರಾಶಿ ನೋಡಿದರು. “ಬರೆಯೋಣ ತಾಯಿ, ಇನ್ನೊಂದು ಮೊರ ಆಗಲಿ.”

ತುಂಬಿಸಿ ಕೊಟ್ಟೆ. ಬರೆದರು.