ಮಳೆಯೇ ಬಾರದ ಬೇಸಿಗೆಯಲ್ಲಿ ಕೊಂಡ ಮಳೆಮಾಪಕ: 5ಕ್ಕೆ ಮೂರೂವರೆ ಸ್ಟಾರ್

2024ರ ಫೆಬ್ರವರಿ ಕೊನೆಯಲ್ಲಿ ಆನ್‌ಲೈನ್‌ನಲ್ಲಿ ಒಂದು ಪ್ಲಾಸ್ಟಿಕ್ ಮಳೆಮಾಪಕ ತರಿಸಿದೆ. 850 ರೂಪಾಯಿ. ಬಂದ ದಿನವೇ ಉತ್ಸಾಹದಲ್ಲಿ ತಾರಸಿಯ ಕಂಬಿಗೆ ಸ್ಕ್ರೂ ಹಾಕಿ ನಿಲ್ಲಿಸಿದೆ. ಅದಾದ ಮೇಲೆ ನಮ್ಮ ತಾರಸಿಗೆ ಎರಡು ತಿಂಗಳು ಒಂದು ಹನಿ ಬೀಳಲಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್‌ಗೆ ವಾಡಿಕೆ ಮಳೆಯೇ ಸುಮಾರು 60 ಮಿ.ಮೀ. ಇದೆ, ಆ ವರ್ಷ ಸೊನ್ನೆ. 1983ರ ನಂತರ ಹಾಗಾಗಿದ್ದು ಅದೇ ಮೊದಲು. ಮಾರಿದವರದ್ದು ತಪ್ಪಲ್ಲ ಬಿಡಿ, ಆದರೆ ಅಮ್ಮ ಮಾತ್ರ "ಅದನ್ನ ತಂದಿದ್ದಕ್ಕೇ ಮಳೆ ಹೋಯ್ತು, ಮೊದಲು ಬಿಚ್ಚಿ ಒಳಗಿಡು" ಅಂತ ದಿನಾ ಹೇಳುತ್ತಿದ್ದರು.

ಸಾಮಾನು ಹೇಗಿದೆ ಅಂದರೆ, ಒಂದರೊಳಗೊಂದು ಎರಡು ಕೊಳವೆ, ಮೇಲೆ ಒಂದು ಆಲಿಕೆ. ಆಲಿಕೆಯ ಬಾಯಿ ಅಗಲ, ಒಳಗಿನ ಕೊಳವೆ ಸಪೂರ. ಹಾಗಾಗಿ 1 ಮಿ.ಮೀ. ಮಳೆ ಬಿದ್ದರೆ ಒಳಗೆ ಒಂದು ಸೆಂಟಿಮೀಟರ್ ಎತ್ತರಕ್ಕೆ ನೀರು ನಿಲ್ಲುತ್ತದೆ, ಕನ್ನಡಕ ಇಲ್ಲದೆಯೂ ಓದಬಹುದು. 25 ಮಿ.ಮೀ. ದಾಟಿದರೆ ಉಕ್ಕಿ ಹೊರಗಿನ ಕೊಳವೆಗೆ ಇಳಿಯುತ್ತದೆ, ಆಮೇಲೆ ಅದನ್ನು ಒಳಗಿನದಕ್ಕೆ ಸುರಿದು ಅಳೆಯಬೇಕು. ಇದು ಒಳ್ಳೆಯ ವಿನ್ಯಾಸ. ಒಂದೇ ಕೊಳವೆಯ ಇನ್ನೂರು ರೂಪಾಯಿಯದ್ದು ಸಿಗುತ್ತದೆ, ತಗೋಬೇಡಿ, ಅದರಲ್ಲಿ 2 ಮಿ.ಮೀ.ಗೂ 4 ಮಿ.ಮೀ.ಗೂ ವ್ಯತ್ಯಾಸವೇ ಕಾಣುವುದಿಲ್ಲ.

ಮಳೆ ಇಲ್ಲದೆ ಇದು ಸರಿ ಇದೆಯೋ ಇಲ್ವೋ ಅಂತ ಗೊತ್ತಾಗೋದು ಹೇಗೆ? ಲೆಕ್ಕ ಹಾಕಿದೆ. ಬಾಯಿಯ ಅಗಲ 10 ಸೆಂ.ಮೀ., ಅಂದರೆ ಒಂದು ಇಂಚು ಮಳೆಗೆ ಹತ್ತಿರ ಹತ್ತಿರ 200 ಎಂ.ಎಲ್. ನೀರು ಬೀಳಬೇಕು. ಅಳತೆ ಲೋಟದಲ್ಲಿ 200 ಎಂ.ಎಲ್. ಹಿಡಿದು ತಾರಸಿಗೆ ಒಯ್ದೆ. ಅದು ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಸಾಲು ನಿಂತಿದ್ದ ಮಾರ್ಚ್ ತಿಂಗಳು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬೇರೆ ಬಂದಿತ್ತು. ನಾನು ಕಳ್ಳನ ಥರ ಆ ಕಡೆ ಈ ಕಡೆ ನೋಡಿ ನಿಧಾನಕ್ಕೆ ಸುರಿದೆ. 25.4 ತೋರಿಸಬೇಕಿತ್ತು, 24 ತೋರಿಸಿತು. ಸ್ವಲ್ಪ ಕಡಿಮೆ ಹೇಳುತ್ತದೆ, ಮನೆ ಬಳಕೆಗೆ ಪರವಾಗಿಲ್ಲ. ಆ ನೀರು ಕರಿಬೇವಿನ ಗಿಡಕ್ಕೆ ಹೋಯಿತು. ನನ್ನ ಡೈರಿಯಲ್ಲಿ ಆ ಎರಡು ತಿಂಗಳಲ್ಲಿ ಇರುವುದು ಇದೊಂದೇ "ಮಳೆ".

ಇಷ್ಟಕ್ಕೂ ಇದನ್ನು ಕೊಂಡಿದ್ದು ಮೂಡಿಗೆರೆ ಕಡೆ ಕಾಫಿ ತೋಟ ಇರುವ ನಮ್ಮ ಭಾವನಿಂದಾಗಿ. ಅವರಿಗೆ ಮಿಲಿಮೀಟರ್ ಗೊತ್ತಿಲ್ಲ, ಎಲ್ಲ ಇಂಚು ಮತ್ತು ಸೆಂಟ್ಸ್. ಇಂಚಿಗೆ ನೂರು ಸೆಂಟ್ಸ್. ಮಾರ್ಚ್ ಬಂತೆಂದರೆ ತೋಟದವರ ಫೋನಿನಲ್ಲಿ ಬೇರೆ ಮಾತೇ ಇರುವುದಿಲ್ಲ, "ನಿಮ್ಮಲ್ಲಿ ಎಷ್ಟು ಬಿತ್ತು ಮಾರಾಯ?" ಅಂತಲೇ ಶುರು. ಹೂಮಳೆ ಅಂದರೆ ಒಂದು ಇಂಚಾದರೂ ಒಟ್ಟಿಗೆ ಬೀಳಬೇಕು, ಆಗ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ. ಅರ್ಧಂಬರ್ಧ ಬಿದ್ದರೆ ಬೀಳದೇ ಇರುವುದಕ್ಕಿಂತ ಕಷ್ಟ, ಮೊಗ್ಗು ಅರ್ಧಕ್ಕೇ ನಿಂತು ಕರಟಿ ಹೋಗುತ್ತದೆ. ಆ ಏಪ್ರಿಲ್‌ನಲ್ಲಿ ಒಂದು ಸಂಜೆ ಭಾವನಿಗೆ 38 ಸೆಂಟ್ಸ್. ಗುಡ್ಡದ ಆಚೆ ಪಕ್ಕದ ತೋಟಕ್ಕೆ ಒಂದು ಇಂಚು ಹತ್ತು. ನಡುವೆ ಎರಡು ಕಿಲೋಮೀಟರ್ ಇಲ್ಲ! ಭಾವ ರಾತ್ರೋರಾತ್ರಿ ಕೆರೆಗೆ ಮೋಟಾರ್ ಹಚ್ಚಿ ಸ್ಪ್ರಿಂಕ್ಲರ್ ಹಾಕಿಸಿದರು. ಕೆರೆಯಲ್ಲಾದರೂ ಎಷ್ಟಿತ್ತು, ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿದ್ದ ವರ್ಷ ಅದು.

ಮುಂಗಾರಿನ ಲೆಕ್ಕ ಬೇರೆ. ಸಮುದ್ರದಿಂದ ಬರುವ ಮೋಡವನ್ನು ಘಟ್ಟ ತಡೆಯುತ್ತದೆ, ಅದಕ್ಕೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಚಳ್ಳಕೆರೆ 500 ಮುಟ್ಟಲು ಒದ್ದಾಡುತ್ತದೆ. ಎಲ್ಲಿ ಜಾಸ್ತಿ ಎಲ್ಲಿ ಕಡಿಮೆ ಅಂತ ಮೊದಲೇ ಹೇಳಬಹುದು. ಬೇಸಿಗೆ ಮಳೆಗೆ ಆ ನಿಯಮ ಇಲ್ಲ. ಬೆಳಗ್ಗೆಯಿಂದ ನೆಲ ಕಾಯಬೇಕು, ಗಾಳಿಯಲ್ಲಿ ಪಸೆ ಇರಬೇಕು, ಎರಡೂ ಕೂಡಿದ ಜಾಗದಲ್ಲಿ ಮಧ್ಯಾಹ್ನ ಮೂರು-ನಾಲ್ಕಕ್ಕೆ ಮೋಡ ಎದ್ದು, ಗುಡುಗಿ, ಅರ್ಧ ಗಂಟೆ ಹೊಡೆದು ಹೋಗುತ್ತದೆ. ಆ ವರ್ಷ ಕಾಯುವುದಕ್ಕೇನೂ ಕೊರತೆ ಇರಲಿಲ್ಲ, ಪಸೆಯೇ ಇರಲಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ಲ, ಭರಣಿ ಶುರುವಾದ ಮೇಲೂ ನನ್ನ ಮಾಪಕದೊಳಗೆ ಜೇಡ ಬಲೆ ಕಟ್ಟಿಕೊಂಡು ಆರಾಮಾಗಿತ್ತು.

ಕೊನೆಗೂ ಮೇ ಮೊದಲ ವಾರ ಬಂತು. 6 ಮಿ.ಮೀ. ಇಡೀ ಮನೆಯವರು ತಾರಸಿ ಹತ್ತಿ ನೋಡಿದರು, ಅಮ್ಮನೂ ಸೇರಿ. ಇನ್ನು ಜೂನ್ 2ರ ಕಥೆ ಕೇಳಿ. ಅಂದು ಬೆಂಗಳೂರಿನ ಅಧಿಕೃತ ಲೆಕ್ಕ 111.1 ಮಿ.ಮೀ., ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷದ ದಾಖಲೆ ಮುರಿಯಿತು. ಮರುದಿನ ಬೆಳಗ್ಗೆ ಎಂಟೂವರೆಗೆ (ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ) ಒಳಗಿನ ಕೊಳವೆ ಮೂರು ಸಲ ತುಂಬಿ ಸುರಿದೆ, ನಾಲ್ಕನೆಯದ್ದಕ್ಕೆ ಸ್ವಲ್ಪ ಉಳಿದಿತ್ತು. ಒಟ್ಟು 81. ಟಿ.ವಿ.ಯಲ್ಲಿ 111 ಅಂದಾಗ ಮಾಪಕ ಕೆಟ್ಟಿದೆ ಅಂದುಕೊಳ್ಳಬೇಡಿ, ನಿಮ್ಮ ತಾರಸಿ ಮೇಲೆ ಬಿದ್ದಿದ್ದು ಅಷ್ಟೇ. ನಾನು ಮಾತ್ರ ಆ 24ರ ಲೆಕ್ಕ ನೆನಪಿಟ್ಟುಕೊಂಡು ಡೈರಿಯಲ್ಲಿ 85 ಅಂತ ಬರೆದುಕೊಂಡೆ, ಸುಮ್ನೆ ಒಂದು ಸಮಾಧಾನ.

ದೂರುಗಳೂ ಇವೆ. ಜೊತೆಗೆ ಕೊಟ್ಟ ಸ್ಕ್ರೂಗಳು ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದವು. ಒಳಕೊಳವೆ ಮೇಲಿನ ಅಂಕಿಗಳು ಬಿಸಿಲಿಗೆ ಮಾಸಿ ಈಗ 10 ಯಾವುದು 16 ಯಾವುದು ತಿಳಿಯುವುದಿಲ್ಲ, ಮಾರ್ಕರ್‌ನಲ್ಲಿ ತಿದ್ದಿಕೊಂಡಿದ್ದೇನೆ. ಆಲಿಕೆಗೆ ಜಾಲರಿ ಇಲ್ಲ, ಹೊಂಗೆ ಎಲೆ ಬಿದ್ದರೆ ಬಾಯಿ ಕಟ್ಟುತ್ತದೆ. ಕಂಪನಿಗೆ ಬರೆದರೆ ಉತ್ತರ ಬರಲಿಲ್ಲ. ಅದಕ್ಕೇ ಒಂದೂವರೆ ಸ್ಟಾರ್ ಕಟ್. ಹಾಕುವವರು ಗೋಡೆ, ಮರದಿಂದ ದೂರ ಹಾಕಿ. ಸ್ಟೀಲ್ ಸ್ಕ್ರೂ ಬೇರೆ ತಗೊಳ್ಳಿ.

ಇಷ್ಟಾದರೂ ಇನ್ನೊಂದು ತರಿಸಿ ಭಾವನಿಗೆ ಕಳಿಸಿದೆ. ಅವರ ಹತ್ತಿರ ಅಪ್ಪನ ಕಾಲದ ತಾಮ್ರದ ಮಾಪಕ ಇದೆ, ನಮ್ಮದನ್ನು ನೋಡಿ "ಇದು ಆಟದ ಸಾಮಾನಲ್ವಾ" ಅಂತ ನಕ್ಕರು. ಒಂದು ಸಂಜೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರಂತೆ. ತಾಮ್ರದ್ದು 62 ಸೆಂಟ್ಸ್, ಇದು 59. ನಗು ನಿಂತಿತು. ಈಗ ಅದನ್ನು ತೋಟದ ಇನ್ನೊಂದು ತುದಿಗೆ, ಕೆಲಸದವರು ಇರುವ ಲೈನ್ ಮನೆ ಹತ್ತಿರ ನಿಲ್ಲಿಸಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು: ಮನೆ ಹತ್ತಿರ 45, ಲೈನ್ ಹತ್ತಿರ 20. ಮೂರನೆಯದ್ದು ಬೇಕಂತೆ, ಗುಡ್ಡದ ಮೇಲಿಡಲು.